ತಂಗಿಗೆ ನರ್ಸಿಂಗ್ ಸೀಟು, ಶನಿವಾರದೊಳಗೆ 30 ಸಾವಿರ ಕಟ್ಬೇಕಂತೆ. ಕಾಲೇಜಿನ ಮಾನ್ಯತೆ ನೋಡೋದು ಹೆಂಗೆ?

ಹೊಸನಗರದ ಹುಡ್ಗ
ಎಲ್ರಿಗೂ ನಮಸ್ಕಾರ. ನಮ್ದು ಹೊಸನಗರ ಕಡೆ ಹಳ್ಳಿ. ತಂಗಿ ಈ ಸಲ ಸೆಕೆಂಡ್ ಪಿಯುಸಿ ಸೈನ್ಸ್ ಮುಗ್ಸಿದಾಳೆ, 68 ಪರ್ಸೆಂಟ್. ಅಜ್ಜಿಗೆ ಲಕ್ವ ಹೊಡ್ದು ಮಲಗಿದಾಗ ಎಂಟು ತಿಂಗ್ಳು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದ್ಲಾಯಿಸಿ, ಬೆನ್ನು ಒರೆಸಿ, ಒಂದು ಹಾಸಿಗೆ ಹುಣ್ಣೂ ಆಗ್ದಂಗೆ ನೋಡ್ಕಂಡವಳು ಅವಳೇ. ಆಗಿಂದ ನರ್ಸಿಂಗೇ ಮಾಡೋದು ಅಂತ ಹಠ.

ಹೋದ ವಾರ ಒಬ್ರು ಕಾಲೇಜಿನ ಕಡೆಯವ್ರು ಅಂತ ಮನೆಗೇ ಬಂದಿದ್ರು. ಕಾಲೇಜು ಬೆಂಗ್ಳೂರು ಹತ್ರ ಎಲ್ಲೋ. ಬಣ್ಣದ ಪುಸ್ತಕ ಕೊಟ್ರು, ಅದ್ರಲ್ಲಿ "ಸರ್ಕಾರಿ ಮಾನ್ಯತೆ ಪಡೆದ ಸಂಸ್ಥೆ" ಅಂತಿದೆ, ಕೆಳಗೆ ಐಎಸ್ಓ ಅಂತ ಚಿನ್ನದ ಬಣ್ಣದ ಮುದ್ರೆ. ಶನಿವಾರದೊಳಗೆ 30 ಸಾವಿರ ಕಟ್ಟಿದ್ರೆ ಹಾಸ್ಟೆಲ್ ಫ್ರೀ, ಆಮೇಲಾದ್ರೆ ಸೀಟು ಗ್ಯಾರಂಟಿ ಇಲ್ಲ ಅಂದ್ರು. ಅಪ್ಪಯ್ಯ ಇಟ್ಟಿದ್ದ ಒಂದು ಮೂಟೆ ರಾಶಿ ಅಡಿಕೆ ಮಂಡಿಗೆ ಹಾಕೋಕೆ ರೆಡಿ ಆಗಿದಾರೆ. ಯಾವ ಮಾನ್ಯತೆ, ಯಾರು ಕೊಟ್ಟಿದ್ದು ಅಂತ ಕೇಳಿದ್ರೆ ಆ ಮನುಷ್ಯ "ಎಲ್ಲಾ ಇದೆ ಸರ್" ಅಂತಾರೆ ಅಷ್ಟೆ. ನಿಜವಾಗಿ ಅದು ಅಷ್ಟು ಮುಖ್ಯನಾ, ಇಲ್ಲ ಓದು ಚೆನ್ನಾಗಿದ್ರೆ ಸಾಕಾ? ಗೊತ್ತಿದ್ದವ್ರು ಹೇಳಿ.

ಬೆಟ್ಟೆ ಅಡಿಕೆ
ಶನಿವಾರ ಅಂತ ಗಡುವು ಹಾಕಿದಾರಲ್ಲ, ಅದೇ ಸಾಕು. ಮೂಟೆ ಮನೇಲೇ ಇರ್ಲಿ ಅಂತ ಅಪ್ಪಯ್ಯಂಗೆ ಹೇಳಿ.

ಸಿಸ್ಟರ್ ಅಕ್ಕ ಶಿವಮೊಗ್ಗ
ತಮ್ಮಾ, ನಾನು ಸರ್ಕಾರಿ ಆಸ್ಪತ್ರೇಲಿ 19 ವರ್ಷದಿಂದ ಡ್ಯೂಟಿ ಮಾಡ್ತಿದೀನಿ, ಸ್ವಲ್ಪ ಉದ್ದ ಬರೀತೀನಿ ಪೂರ್ತಿ ಓದು.

ನರ್ಸಿಂಗಲ್ಲಿ ಮಾರ್ಕ್ಸ್ ಕಾರ್ಡ್ ಸಿಕ್ಕಿದ ಕೂಡ್ಲೇ ಯಾರೂ ನರ್ಸ್ ಆಗಲ್ಲ. ಓದು ಮುಗ್ಸಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಆಗ್ಬೇಕು, ಆ ನಂಬರ್ ಬಂದ್ಮೇಲೇ ನರ್ಸ್. ಆ ನಂಬರ್ ಕೊಡೋವಾಗ ಕೌನ್ಸಿಲ್‌ನವ್ರು ಮೊದ್ಲು ನೋಡೋದು ನೀನು ಎಲ್ಲಿ ಓದಿದ್ದು ಅಂತ. ಬಿಎಸ್ಸಿ ನರ್ಸಿಂಗ್ ಆದ್ರೆ ನಾಲ್ಕು ವರ್ಷ, ನಮ್ಮ ರಾಜ್ಯದಲ್ಲಿ ಹೆಚ್ಚಿನ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ಕೆಳಗೆ ಬರೋದು, 1996ರಿಂದ. ಜಿಎನ್ಎಂ ಅಂದ್ರೆ ನರ್ಸಿಂಗ್ ಡಿಪ್ಲೊಮಾ ಆದ್ರೆ ಮೂರು ವರ್ಷ, ಅದಕ್ಕೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ಬೇರೆ ಇದೆ. ಕಾಲೇಜಿಗೆ ಸರ್ಕಾರದ ಅನುಮತಿ, ವಿವಿ ಅಥವಾ ಮಂಡಳಿ ಅಫಿಲಿಯೇಷನ್ ಅಂದ್ರೆ ಅವ್ರ ಕೆಳಗೆ ಸೇರಿರೋದು, ಕೌನ್ಸಿಲ್ ಒಪ್ಪಿಗೆ ಇಷ್ಟೂ ಬೇಕು. ಒಂದು ಕೈ ಕೊಟ್ರೂ ಕಷ್ಟ ಪಡೋದು ಕಾಲೇಜಲ್ಲ, ಹುಡುಗಿ. ಅದೂ ಎಲ್ಲ ವರ್ಷ ಓದಿ ಎಲ್ಲ ದುಡ್ಡು ಕಟ್ಟಿದ ಮೇಲೆ.

ನಾನು ರಿಜಿಸ್ಟ್ರೇಷನ್‌ಗೆ ಬೆಂಗ್ಳೂರಿಗೆ ಹೋದಾಗ ಸಾಲಲ್ಲಿ ನನ್ನ ಮುಂದೆ ಒಂದು ಹುಡುಗಿ ಇದ್ಲು, ಜೊತೆಗೆ ಅವಳ ತಂದೆ. ಪ್ಲಾಸ್ಟಿಕ್ ಕವರಲ್ಲಿ ಸರ್ಟಿಫಿಕೇಟ್ ಎಷ್ಟು ಜೋಪಾನವಾಗಿ ಇಟ್ಕಂಡಿದ್ರು ಅಂದ್ರೆ ಮೂಲೆ ಸಹ ಮಡಚಿರ್ಲಿಲ್ಲ. ಕೌಂಟರಲ್ಲಿ ನೋಡಿ ಈ ಸಂಸ್ಥೆ ನಮ್ಮ ಪಟ್ಟೀಲಿ ಇಲ್ಲ ಅಂತ ವಾಪಸ್ ಕೊಟ್ರು. ಆ ತಂದೆ "ಪುಸ್ತಕದಲ್ಲಿ ಸರ್ಕಾರಿ ಮಾನ್ಯತೆ ಅಂತ ಇತ್ತಲ್ಲಾ ಸ್ವಾಮಿ" ಅಂತ ಮತ್ತೆ ಮತ್ತೆ ಅದನ್ನೇ ಕೇಳ್ತಿದ್ರು. ನಿನ್ನ ಪೋಸ್ಟ್ ಓದಿ ಅವ್ರ ಮುಖ ನೆನಪಾಯ್ತು, ಅದಕ್ಕೇ ಬರ್ದೆ.

ಭದ್ರಾವತಿ ಬಾಯ್
ಅಕ್ಕ ಹೇಳಿದ್ದು ಸರಿ ಇರ್ಬಹುದು ಆದ್ರೆ ನಾನು ಒಪ್ಪಲ್ಲ. ನಮ್ಮೂರಲ್ಲಿ ಒಂದು ನರ್ಸಿಂಗ್ ಹೋಂ ಇದೆ, ಅಲ್ಲಿ ಎಸ್ಸೆಲ್ಸಿ ಓದಿದ ಹುಡುಗೀರೇ ಡಾಕ್ಟ್ರ ಹತ್ರ ಕಲ್ತು ಡ್ರಿಪ್ ಹಾಕೋದು ಇಂಜೆಕ್ಷನ್ ಕೊಡೋದು ಎಲ್ಲಾ ಮಾಡ್ತಾರೆ, ನಮ್ಮಮ್ಮಂಗೆ ನರ ಸಿಗಲ್ಲ, ದೊಡ್ಡ ಆಸ್ಪತ್ರೇಲಿ ಮೂರು ಸಲ ಚುಚ್ಚಿದ್ರು, ಇಲ್ಲಿ ಒಂದೇ ಸಲಕ್ಕೆ ಹಾಕಿದ್ಲು ಆ ಹುಡುಗಿ. ಕೈಗುಣ ಮುಖ್ಯ, ಕಾಗದ ಅಲ್ಲ.

ಸಿಸ್ಟರ್ ಅಕ್ಕ ಶಿವಮೊಗ್ಗ
ನರ ಹುಡುಕೋದ್ರಲ್ಲಿ ಆ ಹುಡುಗಿ ನಂಗಿಂತ ಚುರುಕಿರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಡ್ರಿಪ್ ಹಾಕೋದು ನರ್ಸ್ ಕೆಲ್ಸದಲ್ಲಿ ಚಿಕ್ಕ ಭಾಗ ಕಣಪ್ಪ. ಪೊಟ್ಯಾಶಿಯಂ ಕ್ಲೋರೈಡ್ ಅಂತ ಒಂದು ಔಷಧಿ ಬರತ್ತೆ, 10 ಎಂಎಲ್ ಆಂಪ್ಯೂಲ್, ನೋಡೋಕೆ ನೀರೇ. ಡ್ರಿಪ್ ಬಾಟ್ಲಿಗೆ ಹಾಕಿ ತೆಳು ಮಾಡಿ ನಿಧಾನಕ್ಕೆ ಬಿಟ್ರೆ ಜೀವ ಉಳ್ಸತ್ತೆ, ಸಿರಿಂಜಲ್ಲಿ ಎಳ್ದು ಸೀದಾ ನರಕ್ಕೆ ಕೊಟ್ರೆ ಹೃದಯ ನಿಂತೋಗತ್ತೆ. ಡಾಕ್ಟ್ರು ಅವಸರದಲ್ಲಿ ತಪ್ಪು ಬರ್ದಿದ್ರೂ "ಸರ್ ಇದನ್ನ ಹಂಗೆ ಕೊಡಕ್ಕಾಗಲ್ಲ" ಅಂತ ತಡೆಯೋದು ನರ್ಸ್ ಕೆಲ್ಸ. ನೋಡಿ ನೋಡಿ ಕಲ್ತವಳಿಗೆ ಡಾಕ್ಟ್ರು ಹೇಳಿದ್ದು ಮಾಡೋದು ಗೊತ್ತಿರತ್ತೆ, ತಡೆಯೋ ಧೈರ್ಯ ಎಲ್ಲಿಂದ ಬರ್ಬೇಕು? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೇಸು ಬೀಳೋದೂ ಅವಳ ತಲೆ ಮೇಲೇ. ನಾನು ಆ ಹುಡುಗೀರನ್ನ ಬೈತಿಲ್ಲ, ಅವ್ರನ್ನ ಹಂಗೆ ದುಡಿಸ್ಕೊಳೋದು ತಪ್ಪು ಅಂತಿದೀನಿ.

ತೀರ್ಥಹಳ್ಳಿ ತಮ್ಮಯ್ಯ
ಕಾಗದ ಮುಖ್ಯ ಅಲ್ಲ ಅನ್ನೋರಿಗೆ ನಮ್ಮ ಅಕ್ಕನ ಕಥೆ ಹೇಳ್ತೀನಿ. ಹೆಸ್ರು ಬೇಡ, ಊರೂ ಬೇಡ. ಒಂದು ಟ್ರಸ್ಟಿನ "ನರ್ಸಿಂಗ್ ಡಿಪ್ಲೊಮಾ" ಒಂದೂವರೆ ವರ್ಷದ್ದು ಮಾಡಿದ್ಲು, ಆ ಸರ್ಟಿಫಿಕೇಟ್‌ಗೆ ಲ್ಯಾಮಿನೇಷನ್ ಮಾಡ್ಸಿ ದೇವ್ರ ಫೋಟೋ ಪಕ್ಕ ಇಟ್ಟಿದ್ವಿ. ಖಾಸಗಿ ಆಸ್ಪತ್ರೇಲಿ ಒಂಬತ್ತು ವರ್ಷ ಕೆಲ್ಸ, ಹೊಸಬ್ರಿಗೆ ಅವಳೇ ಕಲಿಸ್ತಿದ್ಲು. ಆಮೇಲೆ ಆಸ್ಪತ್ರೆ ಎನ್ಎಬಿಎಚ್‌ಗೆ, ಅಂದ್ರೆ ಆಸ್ಪತ್ರೆ ಗುಣಮಟ್ಟಕ್ಕೆ ಕೊಡೋ ಮಾನ್ಯತೆಗೆ, ಅರ್ಜಿ ಹಾಕ್ತು, ಅದ್ರಲ್ಲಿ ಪ್ರತಿ ನರ್ಸಿನ ರಿಜಿಸ್ಟ್ರೇಷನ್ ನಂಬರ್ ಫೈಲಲ್ಲಿ ಇರ್ಲೇಬೇಕು. ಇವಳ ಹತ್ರ ಇಲ್ಲ. ಕೆಲ್ಸದಿಂದ ತೆಗೀಲಿಲ್ಲ, ಅಟೆಂಡರ್ ಅಂತ ಮಾಡಿ ಸಂಬಳ ಇಳಿಸಿದ್ರು. ಅವಳೇ ಕಲಿಸಿದ ಹುಡುಗಿ ಈಗ ಅವಳಿಗೆ ಇನ್‌ಚಾರ್ಜ್. ಮೂವತ್ತೆರಡನೇ ವಯಸ್ಸಿಗೆ, ಎರಡು ಮಕ್ಕಳು ಇಟ್ಕಂಡು, ಮತ್ತೆ ಮೊದಲಿಂದ ಜಿಎನ್ಎಂಗೆ ಸೇರೋಕಾಗತ್ತಾ? ಲ್ಯಾಮಿನೇಷನ್ ಮಾಡಿದ್ದು ಇನ್ನೂ ಅಲ್ಲೇ ಇದೆ, ತೆಗ್ಯೋಕೆ ಯಾರಿಗೂ ಮನಸ್ಸು ಬಂದಿಲ್ಲ.

ಭದ್ರಾವತಿ ಬಾಯ್
ಛೆ. ಇದು ಗೊತ್ತಿರ್ಲಿಲ್ಲ.

ಸಾಗರ ಲ್ಯಾಬ್
ನಾನು ಲ್ಯಾಬ್ ಟೆಕ್ನಿಷಿಯನ್. ನಮ್ಮ ಕಡೆ ಡಿಎಂಎಲ್‌ಟಿ (ಲ್ಯಾಬ್ ಕೆಲ್ಸದ ಡಿಪ್ಲೊಮಾ), ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಡಿಪ್ಲೊಮಾಗಳಿಗೂ ಇದೇ ಕಥೆ. ಅದಕ್ಕೆ ರಾಜ್ಯದ ಪ್ಯಾರಾ ಮೆಡಿಕಲ್ ಬೋರ್ಡ್ ಇದೆ, ಪರೀಕ್ಷೆ ಅವ್ರೇ ಮಾಡ್ಬೇಕು, ಸರ್ಕಾರಿ ಪೋಸ್ಟಿಗೆ ಅರ್ಜಿ ಹಾಕೋವಾಗ ಬೋರ್ಡಿನ ರಿಜಿಸ್ಟ್ರೇಷನ್ ಕೇಳ್ತಾರೆ. 2021ರಲ್ಲಿ ಕೇಂದ್ರದಿಂದ ಈ ವೃತ್ತಿಗಳಿಗೇ ಅಂತ ಬೇರೆ ಕಾಯ್ದೆನೂ ಬಂದಿದೆ. ಬಸ್ ಸ್ಟ್ಯಾಂಡ್ ಹತ್ರ ಮಹಡಿ ಮೇಲೆ ಆರು ತಿಂಗಳ ಡಿಎಂಎಲ್‌ಟಿ ಅಂತ ಬೋರ್ಡ್ ನೋಡಿದ್ರೆ ಮೆಟ್ಲೇ ಹತ್ಬೇಡಿ.

ಕಾಗದದ ಮಾತು ಬಂತಲ್ಲ, ನಾನೇ ನೋಡಿದ್ದು ಹೇಳ್ತೀನಿ. ಒಂದು ಕಲೆಕ್ಷನ್ ಸೆಂಟರಿಂದ ಸ್ಯಾಂಪಲ್ ಬಂತು, ಪೊಟ್ಯಾಶಿಯಂ 9 ಚಿಲ್ಲರೆ. ಅಷ್ಟಿದ್ರೆ ಮನುಷ್ಯ ಎದ್ದು ಓಡಾಡೋದಲ್ಲ, ಬದುಕಿರೋದೇ ಕಷ್ಟ. ಕ್ಯಾಲ್ಸಿಯಂ ನೋಡಿದ್ರೆ ಪಾತಾಳದಲ್ಲಿದೆ. ಫೋನ್ ಮಾಡಿ ಕೇಳಿದೆ. ಕೆಂಪು ಮುಚ್ಚಳದ ಟ್ಯೂಬಲ್ಲಿ ರಕ್ತ ಕಮ್ಮಿ ಬಂದಿತ್ತಂತೆ, ಆ ಹುಡುಗ ನೇರಳೆ ಮುಚ್ಚಳದ ಟ್ಯೂಬಿಂದ ಸ್ವಲ್ಪ ಇದಕ್ಕೆ ಸುರಿದು ತುಂಬಿಸಿದಾನೆ. ನೇರಳೆ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟಬಾರ್ದು ಅಂತ ಇಡಿಟಿಎ ಹಾಕಿರ್ತಾರೆ, ಅದು ಪೊಟ್ಯಾಶಿಯಂ ಉಪ್ಪೇ, ಕ್ಯಾಲ್ಸಿಯಂನ ಹಿಡ್ಕೊಂಡು ಬಿಡತ್ತೆ. ಆ ಹುಡುಗಂಗೆ ಯಾರೂ ಹೇಳ್ಕೊಟ್ಟಿಲ್ಲ, ಅವನ "ಕಾಲೇಜಲ್ಲಿ" ಲ್ಯಾಬೇ ಇರ್ಲಿಲ್ಲ ಅಂತ ಆಮೇಲೆ ಅವನೇ ಹೇಳ್ದ. ಆ ರಿಪೋರ್ಟ್ ನಂಬಿ ಯಾರಾದ್ರೂ ಟ್ರೀಟ್ಮೆಂಟ್ ಶುರು ಮಾಡಿದ್ರೆ?

ಅರಲಗೋಡು ಹತ್ರ
ಲ್ಯಾಬಿನೋರ ಮಾತಿಗೆ ನಂದೂ ಒಂದು. 2019ರಲ್ಲಿ ನಮ್ಮ ಕಡೆ ಮಂಗನ ಕಾಯಿಲೆ ಬಂದಾಗ ಮನೆ ಮನೆಗೆ ಬಂದು ರಕ್ತ ತಗಂಡು ಐಸ್ ಡಬ್ಬೀಲಿ ಶಿವಮೊಗ್ಗದ ವೈರಸ್ ಲ್ಯಾಬಿಗೆ ಕಳಿಸ್ತಿದ್ರು. ಹೆಸ್ರು ಬರೆಯೋದು ಒಂದು ತಪ್ಪಾದ್ರೂ ಯಾರ ಮನೆಯೋರಿಗೆ ಜ್ವರ ಯಾರಿಗಿಲ್ಲ ಅಂತ ಗೊತ್ತಾಗ್ದೇ ಹೋಗ್ತಿತ್ತು. ನಮ್ಮ ಚಿಕ್ಕಪ್ಪಂದು ಪಾಸಿಟಿವ್ ಅಂತ ಬೇಗ ಗೊತ್ತಾಗಿದ್ದಕ್ಕೇ ಮಣಿಪಾಲಕ್ಕೆ ಕರ್ಕೊಂಡು ಹೋಗಿ ಉಳಿಸ್ಕೊಂಡ್ವಿ. ಆ ಹುಡುಗೀರು ಸರಿಯಾಗಿ ಕಲ್ತು ಬಂದೋರು.

ಬೆಟ್ಟೆ ಅಡಿಕೆ
ಮಂಗನ ಕಾಯಿಲೆ ಲಸಿಕೆ ನಿಲ್ಸಿದ್ರಲ್ಲ, ಹೊಸದು ಬಂತಾ? ಈಗ್ಲೂ ಉಣ್ಣಿ ಕಚ್ಚದಂಗೆ ಡೆಪಾ ಎಣ್ಣೆ ಹಚ್ಕೊಂಡೇ ದರಕು ಗುಡಿಸೋಕೆ ಹೋಗೋದು.

ಸಾಗರ ಲ್ಯಾಬ್
ಹಳೇ ಲಸಿಕೆ 2022ರಲ್ಲೇ ನಿಂತಿದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಅಣ್ಣ, ಇಲ್ಲಿ ಆ ತಂಗಿ ವಿಷ್ಯ ಕಳ್ದೋಗತ್ತೆ.

ದುರ್ಗಿಗುಡಿ ಮೇಷ್ಟ್ರು
ಐಎಸ್ಓ ಮುದ್ರೆ ಬಗ್ಗೆ ಯಾರೂ ಹೇಳ್ಲಿಲ್ಲ. ಐಎಸ್ಓ 9001 ಅನ್ನೋದು ಆಫೀಸಿನ ವ್ಯವಸ್ಥೆ ಸರಿಯಿದೆ ಅನ್ನೋದಕ್ಕೆ ಕೊಡೋದು, ಬಿಸ್ಕೆಟ್ ಫ್ಯಾಕ್ಟರಿಗೂ ಸಿಗತ್ತೆ. ನರ್ಸಿಂಗ್ ಕಲಿಸೋಕೆ ಅದ್ರಿಂದ ಯಾವ ಅಧಿಕಾರನೂ ಬರಲ್ಲ. ಟ್ರಸ್ಟ್ ರಿಜಿಸ್ಟ್ರೇಷನ್ ನಂಬರೂ ಹಂಗೇ, ಟ್ರಸ್ಟ್ ಇದೆ ಅಂತ ಮಾತ್ರ ಅರ್ಥ. ನ್ಯಾಕ್ ಗ್ರೇಡ್ ನಿಜವಾದ್ದೇ, ಆದ್ರೆ ಅದು ಕಾಲೇಜಿನ ಒಟ್ಟು ಗುಣಮಟ್ಟಕ್ಕೆ. ನ್ಯಾಕ್ ಎ ಇರೋ ಕಾಲೇಜು ಹೊಸದಾಗಿ ಒಂದು ಕೋರ್ಸ್ ಶುರು ಮಾಡಿ ಅದಕ್ಕೆ ಕೌನ್ಸಿಲ್ ಒಪ್ಪಿಗೆನೇ ತಗೊಂಡಿಲ್ಲ ಅಂದ್ರೆ ಆ ಎ ಗ್ರೇಡು ನಿಮ್ಮ ತಂಗಿಗೆ ಉಪಯೋಗಕ್ಕಿಲ್ಲ. ಕಾಲೇಜಿನ ಹೆಸ್ರಿಗೆ ಮಾನ್ಯತೆ ಇದೆಯಾ ಅಂತ ಕೇಳ್ಬೇಡಿ. ಈ ಕೋರ್ಸಿಗೆ, ಈ ವರ್ಷಕ್ಕೆ, ಎಷ್ಟು ಸೀಟಿಗೆ ಅಂತ ಕೇಳಿ. ಆರೋಗ್ಯ ವಿವಿ ಅಫಿಲಿಯೇಷನ್ ವರ್ಷ ವರ್ಷ ಮುಂದುವರೀಬೇಕು. ಅರವತ್ತು ಸೀಟಿಗೆ ಅನುಮತಿ ತಗೊಂಡು ತೊಂಬತ್ತು ಜನ ಸೇರಿಸ್ಕೊಂಡ್ರೆ ಆ ಮೂವತ್ತು ಜನರ ಗತಿ ಏನು?

ಕೊಪ್ಪದ ಪೂರ್ಣಿ
ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಇದೆಯಲ್ಲ, ಅದ್ರ ಪಟ್ಟೀಲಿ ಹೆಸ್ರಿದ್ರೆ ಸಾಕು ಬೇರೆ ಏನೂ ನೋಡೋದು ಬೇಡ. ಇಲ್ದಿದ್ರೆ ಸೇರ್ಲೇಬೇಡಿ.

ದುರ್ಗಿಗುಡಿ ಮೇಷ್ಟ್ರು
ಅಷ್ಟು ಸಲೀಸಿಲ್ಲಮ್ಮ. ಐಎನ್‌ಸಿ 1947ರ ಕಾಯ್ದೆ ಪ್ರಕಾರ ಬಂದಿದ್ದು, ನರ್ಸಿಂಗ್ ಅರ್ಹತೆಗಳನ್ನ ಒಪ್ಪೋದು ಅದ್ರ ಕೆಲ್ಸ. ಕಾಲೇಜಿಗೆ ಮಾನ್ಯತೆ ಕೊಡೋ ಅಧಿಕಾರ ಅದಕ್ಕಿದೆಯಾ ಇಲ್ವಾ ಅಂತ ನಮ್ಮ ರಾಜ್ಯದಲ್ಲಿ ಕೋರ್ಟಿಗೆ ಹೋಗಿ 2017ರಲ್ಲಿ ದೊಡ್ಡ ಗಲಾಟೆ ಆಯ್ತು. ಕರ್ನಾಟಕದ ಕಾಲೇಜುಗಳ ಹೆಸ್ರು ಐಎನ್‌ಸಿ ಪಟ್ಟಿಯಿಂದ ಹೋಗಿ ಕೇರಳದ ಮಕ್ಕಳು ಇಲ್ಲಿಗೆ ಬರೋಕೇ ಹೆದರಿದ್ರು. ಹಾಗಾಗಿ ಮೊದ್ಲು ರಾಜ್ಯ ಕೌನ್ಸಿಲ್, ವಿವಿ ನೋಡಿ. ಐಎನ್‌ಸಿ ಪಟ್ಟೀಲೂ ಇದ್ರೆ ಹೊರ ರಾಜ್ಯ, ಹೊರ ದೇಶಕ್ಕೆ ಹೋಗೋವಾಗ ಅನುಕೂಲ. 2023ರಲ್ಲಿ ಹೊಸ ನರ್ಸಿಂಗ್ ಆಯೋಗದ ಕಾಯ್ದೆನೂ ಪಾಸ್ ಆಗಿದೆ, ಹಳೇ ಮಾತೇ ಹಿಡ್ಕೊಂಡು ಕೂರ್ಬಾರ್ದು.

ರಿಯಾದ್ ಮಲೆನಾಡು
ಹೊರ ದೇಶ ಅಂದ್ರಲ್ಲ ಮೇಷ್ಟ್ರೇ, ನಾನು ಸೌದಿಯಲ್ಲಿ ಐಸಿಯು ನರ್ಸ್, ಊರು ಆಗುಂಬೆ ಘಾಟಿ ಮೇಲೆ. ಇಲ್ಲಿ ಲೈಸೆನ್ಸ್ ಕೊಡೋ ಮುಂಚೆ ಡೇಟಾಫ್ಲೋ ಅಂತ ಪರಿಶೀಲನೆ ಇದೆ. ನಮ್ಮ ಸರ್ಟಿಫಿಕೇಟ್ ನಮ್ಮ ಕೈಯಿಂದ ತಗೊಂಡು ನಂಬಲ್ಲ, ಓದಿದ ಕಾಲೇಜಿಗೆ, ವಿವಿಗೆ, ಕೌನ್ಸಿಲ್‌ಗೆ ಅವ್ರೇ ಬರ್ದು ಕೇಳ್ತಾರೆ. ಅಲ್ಲಿಂದ ಹೌದು ಅಂತ ಉತ್ತರ ಬಂದ್ರೆ ಮಾತ್ರ ಮುಂದಕ್ಕೆ. ನನ್ನ ರೂಂಮೇಟ್ ಒಬ್ಳು ಬೇರೆ ರಾಜ್ಯದವಳು, ಅವಳ ಕಾಲೇಜು ಮುಚ್ಚೋಗಿ ಫೋನ್ ಎತ್ತೋರೇ ಇಲ್ಲ, ಏಳು ತಿಂಗ್ಳು ಸಂಬಳ ಇಲ್ದೇ ಕಾಯ್ದಳು. ವಿವಿ ಸರಿಯಾದ್ದು ಇತ್ತು ಅಂತ ಕೊನೆಗೆ ಅಲ್ಲಿಂದ ಉತ್ತರ ಬಂದು ಬಚಾವಾದ್ಲು. ಕಾಲೇಜು ಮುಚ್ಬಹುದು, ವಿವಿ ಮತ್ತೆ ಕೌನ್ಸಿಲ್ ದಾಖಲೇಲಿ ಹೆಸ್ರಿದ್ರೆ ಒಂದು ದಾರಿ ಇರತ್ತೆ.

ನೈಟ್ ಡ್ಯೂಟಿ ಮುಗ್ಸಿ ಬಂದು ಬರೀತಿದೀನಿ. ಅಲ್ಲಿ ಮಳೆ ಹಿಡೀತಾ?

ಬೆಟ್ಟೆ ಅಡಿಕೆ
ಹಿಡ್ದಿದೆ ಮಾರಾಯ್ರೆ, ಮೂರು ದಿನದಿಂದ ಕರೆಂಟಿಲ್ಲ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡ್ಯೋಕೂ ಬಿಡ್ತಿಲ್ಲ.

ನರ್ಸಿಂಗ್ ಥರ್ಡ್ ಇಯರ್
ನಾನು ಎಲ್ರ ಮಾತೂ ಓದಿದೆ. ಒಂದು ವಿಷ್ಯ ಯಾರೂ ಹೇಳ್ತಿಲ್ಲ, ಸ್ವಲ್ಪ ಧೈರ್ಯ ಮಾಡಿ ಹೇಳ್ತೀನಿ. ನಮ್ಮ ಕಾಲೇಜಿಗೆ ಮಾನ್ಯತೆ ಎಲ್ಲಾ ಇದೆ, ವಿವಿ ವೆಬ್‌ಸೈಟಲ್ಲಿ ಹೆಸ್ರಿದೆ, ಎಲ್ಲಾ ಸರಿ. ಆದ್ರೆ ಕಾಲೇಜಿನ ಆಸ್ಪತ್ರೇಲಿ ಪೇಷೆಂಟೇ ಇಲ್ಲ. ನಿಯಮದ ಪ್ರಕಾರ ಸ್ವಂತ ಆಸ್ಪತ್ರೆಗೆ ನೂರು ಹಾಸಿಗೆ ಬೇಕು, ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳಾದ್ರೂ ಸಿಗ್ಬೇಕು. ಇನ್‌ಸ್ಪೆಕ್ಷನ್ ದಿನ ಹಾಸಿಗೆ ತುಂಬಿತ್ತು, ಯಾರು ಗೊತ್ತಾ ಮಲಗಿದ್ದು? ಹಾಸ್ಟೆಲ್ ಅಡುಗೆಯವ್ರು, ಅವ್ರ ನೆಂಟ್ರು. ನಾನೇ ಬೆಡ್‌ಶೀಟ್ ಹಾಸಿದ್ದು, ನಾನೇ ಸುಳ್ಳು ಬಿಪಿ ಬರ್ದಿದ್ದು ಚಾರ್ಟಲ್ಲಿ, ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಈಗ ಥರ್ಡ್ ಇಯರ್, ಇಷ್ಟು ದಿನದಲ್ಲಿ ನಾನು ಕ್ಯಾಥೆಟರ್ ಹಾಕಿದ್ದು ಬರೀ ಗೊಂಬೆಗೆ. ಹಂಗಾಗಿ ಪಟ್ಟೀಲಿ ಹೆಸ್ರು ನೋಡಿ ಸಮಾಧಾನ ಮಾಡ್ಕೋಬೇಡಿ. ಒಂದು ಮಾಮೂಲಿ ದಿನ, ಯಾರಿಗೂ ಹೇಳ್ದೇ, ಬೆಳಿಗ್ಗೆ ಹತ್ತು ಗಂಟೆಗೆ ಆ ಆಸ್ಪತ್ರೆ ಓಪಿಡಿಗೆ ಹೋಗಿ ಕೂತ್ಕೊಳ್ಳಿ. ಎಷ್ಟು ಜನ ಬರ್ತಾರೆ ಎಣಿಸಿ.

ಸಿಸ್ಟರ್ ಅಕ್ಕ ಶಿವಮೊಗ್ಗ
ಪುಟ್ಟಾ, ನೀನು ಹೇಳಿದ್ದು ನಾನು ಬರ್ದಿದ್ದಕ್ಕಿಂತ ದೊಡ್ಡದು. ಹಾಸಿಗೆ ಇಷ್ಟು, ರೋಗಿ ಇಷ್ಟು ಅಂತ ಇಟ್ಟಿರೋದೇ ನಿನ್ನ ಕೈ ಪಳಗ್ಲಿ ಅಂತ, ಅದನ್ನೇ ನಾಟಕ ಮಾಡಿದ್ರೆ ಮಾನ್ಯತೆ ಯಾತಕ್ಕೆ. ನಾವು ಓದೋವಾಗ ಇಪ್ಪತ್ತು ಹೆರಿಗೆ ನಾವೇ ಮಾಡಿಸಿ ಕೇಸ್ ಬುಕ್ಕಲ್ಲಿ ಬರ್ದು ಸಿಸ್ಟರ್ ಸಹಿ ಹಾಕಿದ್ರೇನೇ ಪರೀಕ್ಷೆಗೆ ಬಿಡ್ತಿದ್ದಿದ್ದು. ಹದಿನೇಳನೇದು ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ, ಮಗು ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು, ಪಕ್ಕದಲ್ಲಿ ನಿಂತಿದ್ದ ಸೀನಿಯರ್ ಕೈ ಹಾಕ್ದೇ "ಬೆರಳು ಹಾಕಿ ತಲೆ ಮೇಲಿಂದ ಜಾರಿಸು" ಅಂತ ಬರೀ ಬಾಯಲ್ಲಿ ಹೇಳಿದ್ರು. ಗೊಂಬೆ ಮೇಲೆ ಅದು ಬರಲ್ಲ. ರಜೇಲಿ ಊರಿಗೆ ಬಂದಾಗ ನಂಗೆ ಮೆಸೇಜ್ ಮಾಡು, ಪರ್ಮಿಷನ್ ಕೇಳಿ ಎಲ್ಲಾದ್ರೂ ವಾರ್ಡಲ್ಲಿ ಕಲಿಯೋಕೆ ಆಗತ್ತಾ ನೋಡೋಣ.

ನರ್ಸಿಂಗ್ ಥರ್ಡ್ ಇಯರ್
ಖಂಡಿತ ಮಾಡ್ತೀನಿ ಅಕ್ಕ 🙏

ಮೆಡಿಕಲ್ ಶಾಪ್ ಸೊರಬ
ಫಾರ್ಮಸಿ ಬಗ್ಗೆನೂ ಒಂದು ಮಾತು ಸೇರಿಸ್ತೀನಿ. ಡಿ ಫಾರ್ಮ ಎರಡು ವರ್ಷ, ಮೇಲೆ 500 ಗಂಟೆ ಅಂಗಡೀಲಿ ಅಥವಾ ಆಸ್ಪತ್ರೇಲಿ ಟ್ರೈನಿಂಗ್. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿಗೆ ಇಲ್ದಿರೋ ಕಾಲೇಜಲ್ಲಿ ಓದಿದ್ರೆ ರಾಜ್ಯದಲ್ಲಿ ಫಾರ್ಮಸಿಸ್ಟ್ ಅಂತ ರಿಜಿಸ್ಟರ್ ಆಗಲ್ಲ, ರಿಜಿಸ್ಟರ್ ಆಗ್ದೇ 1948ರ ಕಾಯ್ದೆ ಪ್ರಕಾರ ಔಷಧಿ ಕೊಡೋ ಹಂಗಿಲ್ಲ. ಅಂಗಡಿ ಲೈಸೆನ್ಸ್‌ಗೂ ಅದೇ ಬೇಕು. "ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬನ್ನಿ ಸಾಕು" ಅನ್ನೋರು ತುಂಬಾ ಇದಾರೆ, ಹತ್ರ ಹೋಗ್ಬೇಡಿ.

ಕೊಪ್ಪದ ಪೂರ್ಣಿ
ದೂರ ಶಿಕ್ಷಣದಲ್ಲಿ ನರ್ಸಿಂಗ್ ಮಾಡ್ಬಹುದಾ? ನಮ್ಮ ಅತ್ತಿಗೆ ಕೇಳ್ತಿದ್ರು, ಮಗು ಚಿಕ್ಕದು.

ದುರ್ಗಿಗುಡಿ ಮೇಷ್ಟ್ರು
ಆಗಲ್ಲಮ್ಮ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಇದ್ಯಾವುದಕ್ಕೂ ದೂರ ಶಿಕ್ಷಣಕ್ಕೆ ಯುಜಿಸಿ ಅವಕಾಶ ಕೊಟ್ಟಿಲ್ಲ. ಯಾರಾದ್ರೂ ಕೊಡ್ತೀವಿ ಅಂದ್ರೆ ಅದು ರಿಜಿಸ್ಟರ್ ಆಗಲ್ಲ ಅಂತಲೇ ತಿಳ್ಕೊಳ್ಳಿ. ಹತ್ರದಲ್ಲಿ ಮನೆಯಿಂದ ಓಡಾಡೋ ದೂರಕ್ಕೆ ಜಿಎನ್ಎಂ ಸಿಗತ್ತಾ ನೋಡ್ಲಿ, ಅದಕ್ಕೆ ಪಿಯುಸಿ ಸೈನ್ಸೇ ಆಗ್ಬೇಕು ಅಂತಿಲ್ಲ.

ಬ್ಯಾಂಕ್ ಕೌಂಟರ್
ನಂದು ಬ್ಯಾಂಕ್ ಕೆಲ್ಸ. ಎಜುಕೇಶನ್ ಲೋನಿಗೆ ಬಂದ್ರೆ ನಾವು ಮೊದ್ಲು ಕೇಳೋದೇ ಅಫಿಲಿಯೇಷನ್ ಪತ್ರ. ರಾಜ್ಯದ ಎಸ್ಎಸ್‌ಪಿ ಸ್ಕಾಲರ್‌ಶಿಪ್ ಅರ್ಜೀಲೂ ಕಾಲೇಜಿನ ಹೆಸ್ರು ಪಟ್ಟಿಯಿಂದ ಆರಿಸ್ಬೇಕು. ನೀವು ಹೇಳೋ ಕಾಲೇಜು ಎಸ್ಎಸ್‌ಪಿ ಪಟ್ಟೀಲಿ ಬರತ್ತಾ ಅಂತ ಆ ಏಜೆಂಟ್ ಎದುರೇ ಮೊಬೈಲಲ್ಲಿ ಹುಡುಕಿ.

ಹೊಸನಗರದ ಹುಡ್ಗ
ಎಲ್ರಿಗೂ ದೊಡ್ಡ ನಮಸ್ಕಾರ. ಇವತ್ತು ಮಧ್ಯಾಹ್ನ ಅಪ್ಪಯ್ಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸ್ಪೀಕರ್ ಹಾಕಿ ಫೋನ್ ಮಾಡಿದೆ. ಮೇಷ್ಟ್ರು ಹೇಳ್ದಂಗೆ ಈ ವರ್ಷದ ಅಫಿಲಿಯೇಷನ್ ಪತ್ರ, ಸೀಟು ಎಷ್ಟು, ಆಸ್ಪತ್ರೆ ಯಾವುದು ಅಂತ ಮೂರೇ ಕೇಳಿದ್ದು. ಪತ್ರ "ಪ್ರೊಸೆಸ್‌ನಲ್ಲಿದೆ" ಅಂದ್ರು. ಆಸ್ಪತ್ರೆ "ಟೈಅಪ್ ಇದೆ" ಅಂದ್ರು, ಹೆಸ್ರು ಹೇಳ್ಲಿಲ್ಲ. ಆಮೇಲೆ "ನಿಮ್ಗೆ ನಂಬಿಕೆ ಇಲ್ದಿದ್ರೆ ಬಿಡಿ, ಕಾಯೋರು ಬೇರೆ ಇದಾರೆ" ಅಂತ ಕಟ್ ಮಾಡಿದ್ರು. ಅಪ್ಪಯ್ಯ ಏನೂ ಮಾತಾಡ್ಲಿಲ್ಲ, ಎದ್ದೋಗಿ ಮೂಟೆ ಮತ್ತೆ ಅಟ್ಟಕ್ಕೆ ಏರಿಸಿ ಬಂದ್ರು. ತಂಗಿ ಮಾತ್ರ ಅಳ್ತಾ ಕೂತಿದಾಳೆ, ಸೀಟು ತಪ್ಪೋಯ್ತು ಅಂತ.

ದುರ್ಗಿಗುಡಿ ಮೇಷ್ಟ್ರು
ತಪ್ಪಿಲ್ಲಪ್ಪ. ಸಿಇಟಿ ಬರ್ದಿದಾಳಾ? ಬಿಎಸ್ಸಿ ನರ್ಸಿಂಗಿಗೆ ಈಗ ಕೆಇಎ, ಅಂದ್ರೆ ಸಿಇಟಿ ನಡೆಸೋ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್ ಇದೆ. ಅದ್ರಲ್ಲಿ ಬರೋ ಕಾಲೇಜು ಪಟ್ಟಿನೇ ನಿಂಗೆ ಮೊದಲ ಜರಡಿ.

ಹೊಸನಗರದ ಹುಡ್ಗ
ಬರ್ದಿದಾಳೆ ಮೇಷ್ಟ್ರೇ. ಆದ್ರೆ ಡಾಕ್ಯುಮೆಂಟ್, ಆಪ್ಷನ್ ಎಂಟ್ರಿ ಅಂದ್ರೆಲ್ಲ ನಮ್ಗೆ ಗೊತ್ತಾಗಲ್ಲ, ಇಲ್ಲಿ ನೆಟ್‌ವರ್ಕೂ ಸರಿ ಇಲ್ಲ.

ಸಿಸ್ಟರ್ ಅಕ್ಕ ಶಿವಮೊಗ್ಗ
ಗುರುವಾರ ನಂದು ಮಾರ್ನಿಂಗ್ ಶಿಫ್ಟ್, ಎರಡೂವರೆಗೆ ಬಿಡ್ತೀನಿ. ಅವಳನ್ನ ಕರ್ಕೊಂಡು ಮೆಗ್ಗಾನ್ ಆಸ್ಪತ್ರೆ ಗೇಟ್ ಹತ್ರ ಬಾ. ಮಾರ್ಕ್ಸ್ ಕಾರ್ಡು, ಸಿಇಟಿ ನಂಬರು, ಜಾತಿ ಆದಾಯ ಪ್ರಮಾಣಪತ್ರ, ಆಧಾರ್ ಎಲ್ಲಾ ತಗಂಡು ಬನ್ನಿ, ಜೆರಾಕ್ಸ್ ಎರಡೆರಡು ಸೆಟ್. ಯಾವ ಕಾಲೇಜು ಬೇಕು ಅನ್ನೋ ಆಪ್ಷನ್ ನಾನೇ ಕೂತು ಹಾಕ್ಸಿ ಕೊಡ್ತೀನಿ. ಬರೋವಾಗ ಅವಳಿಗೆ ಹೇಳು, ಎಂಟು ತಿಂಗ್ಳು ಅಜ್ಜಿ ಬೆನ್ನಲ್ಲಿ ಒಂದು ಹುಣ್ಣೂ ಆಗ್ದಂಗೆ ನೋಡ್ಕಂಡಿದ್ದು ಹೆಂಗೆ ಅಂತ ನಮ್ಮ ವಾರ್ಡಿನ ಹೊಸ ಹುಡುಗೀರಿಗೂ ಸ್ವಲ್ಪ ಹೇಳ್ಲಿ.

ಹೊಸನಗರದ ಹುಡ್ಗ
ಬರ್ತೀವಿ ಅಕ್ಕ. ಬೆಳಿಗ್ಗೆ ಬಸ್ಸಿಗೇ ಹೊರಡ್ತೀವಿ, ಅಪ್ಪಯ್ಯನೂ ಬರ್ತಾರಂತೆ.